ಮತ್ತೆ ಹೊಡಿ

“ಕೋಳಿ ಕಾಲು ಕೊಟ್ಟು ನನ್ನ ಕೊಂಡ್ಕೊಳ್ಳೋಕೆ ಬಂದ್ಯೇನೇ ಮುದುಕಿ? ನನ್ನ ಬೆಲೆ ಇಷ್ಟೇ ಅಂದ್ಕೊಂಡ್ಯಾ?”

ರೆಫರಿ ಪೆರಾಲ್ತಾ ಬೂಟಿನ ದಾರ ಬಿಗಿಯುತ್ತಲೇ ಅಂದ. ಅಮ್ಮ ತಟ್ಟೆ ಹಿಡಿದು ಅವನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಖಾರ ಹಚ್ಚಿ ಬೇಯಿಸಿದ ಕೋಳಿ, ಹಿಮದಲ್ಲಿ ಒಣಗಿಸಿದ ಕಪ್ಪು ಆಲೂಗಡ್ಡೆ, ಒಂದು ಲೋಟ ಮೆಕ್ಕೆಜೋಳದ ಹೆಂಡ. ನಮ್ಮಲ್ಲಿ ಅಂಗಳಕ್ಕೆ ಕಾಲಿಟ್ಟವನು ಜಪ್ತಿಗೆ ಬಂದವನೇ ಆಗಿರಲಿ, ಮೊದಲು ಅವನಿಗೆ ಉಣ್ಣಲು ಕೊಡಬೇಕು, ಮಾತು ಆಮೇಲೆ. ಬೊಲಿವಿಯದ ಬೆಟ್ಟ ಇಳಿದು ಬ್ಯೂನಸ್ ಐರಿಸ್ ಅಂಚಿನ ಈ ಇಟ್ಟಿಗೆ ಗೂಡುಗಳಿಗೆ ಬಂದು ಎಷ್ಟೋ ವರ್ಷವಾದರೂ ಅಮ್ಮ ಅದನ್ನು ಬಿಟ್ಟಿರಲಿಲ್ಲ.

“ಕೊಂಡ್ಕೊಳ್ಳೋದೇನು ಬಂತು ಸಾಮಿ, ಊಟ ಅಷ್ಟೆ. ದೂರದಿಂದ ಬಂದಿದ್ದೀರಿ, ಒಂದು ತುತ್ತು...”

“ಇದನ್ನ ರಿಪೋರ್ಟ್‌ನಲ್ಲಿ ಬರೆದ್ರೆ ನಿಮ್ಮ ಕ್ಲಬ್ಬಿಗೆ ಬೀಗ ಬೀಳುತ್ತೆ. ರೆಫರಿಗೆ ಲಂಚ ಅಂತ.” ಆಮೇಲೆ ನನ್ನ ಕಡೆ ತಿರುಗಿದ. ಕ್ಯಾಪ್ಟನ್ ಅಂತ ಕೈಕುಲುಕಲು ಬಂದಿದ್ದ ನಾನು ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಿದ್ದೆ. “ಇವತ್ತು ನಿಮ್ಮಲ್ಲಿ ಒಬ್ಬ ಬಾಯಿ ತೆಗೆದ್ರೂ ಬರೀತೀನಿ. ಅರ್ಥ ಆಯ್ತೇನೋ ಬೊಲಿವಿಯದವನೆ?”

ಅವನ ಹಿಂದಿನ ಬೆಂಚಿನಲ್ಲಿ ದೊನ್ ಅಮಾದೆಯೊ ಕೂತು ಕೊಳವೆಯಿಂದ ಮಾತೆ ಅನ್ನುವ ಎಲೆಯ ಕಷಾಯ ಹೀರುತ್ತಿದ್ದ. ಎದುರು ತಂಡದ ಯಜಮಾನ. ಫುಟ್‌ಬಾಲ್ ಲೀಗಿನ ಕಮಿಟಿಯಲ್ಲೂ ಅವನದೇ ಮಾತು. ನಮ್ಮ ಗೂಡುಗಳು ನಿಂತಿರುವ ನೆಲವೂ ಅವನದೇ. ರೆಫರಿಯ ಕೋಣೆಯಲ್ಲಿ ನಿನಗೇನು ಕೆಲಸ ಅಂತ ಅವನನ್ನು ಕೇಳುವ ಗಂಡಸು ನಮ್ಮ ಕೇರಿಯಲ್ಲಿ ಇನ್ನೂ ಹುಟ್ಟಿರಲಿಲ್ಲ, ನಾನೂ ಸೇರಿ.

ಅಂದು ನಮಗೆ ಡ್ರಾ ಸಾಕಿತ್ತು. ಡ್ರಾ ಆದರೆ ಮೇಲಿನ ದರ್ಜೆ, ಮೇಲಿನ ದರ್ಜೆಯಲ್ಲಿ ಆಟಗಾರನಿಗೆ ತಿಂಗಳ ಸಂಬಳ. ಈಗ ಸಿಗುವುದು ಬಸ್ಸಿಗೂ ಸಾಲದು. ಹಗಲೆಲ್ಲ ಮಣ್ಣು ತುಳಿದು, ಸಂಜೆ ಅದೇ ಕಾಲಲ್ಲಿ ಆಡುವವರು ನಾವು. ನನಗೆ ಸಂಬಳದ ಆಸೆ ಇದ್ದದ್ದು ಅಣ್ಣನಿಗಾಗಿ. ಗೋಲ್‌ಕೀಪರ್ ಸಾತುರ್ನಿನೊ ನನ್ನ ಅಣ್ಣ. ಊರಿಗೆಲ್ಲ ಸಾತು. ಗೂಡಿನ ಹೊಗೆ ಕುಡಿದು ಕುಡಿದು ಅವನ ಎದೆ ಹಾಳಾಗಿತ್ತು. ಗೂಡು ಬಿಟ್ಟರೆ ಬದುಕುತ್ತಾನೆ, ಇಲ್ಲದಿದ್ದರೆ ನಾನು ಏನೂ ಹೇಳಲಾರೆ ಅಂದಿದ್ದರು ಡಾಕ್ಟರು. ಆಟ ಬಿಟ್ಟರೆ ಗೂಡು ಬಿಡಲು ಅವನಿಗೆ ಬೇರೆ ದಾರಿ ಇರಲಿಲ್ಲ, ವಯಸ್ಸೂ ಮೀರುತ್ತಿತ್ತು.

ಮೊದಲರ್ಧದಲ್ಲಿ ನಾವು ಹೊಡೆದ ಗೋಲನ್ನು ಪೆರಾಲ್ತಾ ಆಫ್‌ಸೈಡ್ ಅಂತ ಅಳಿಸಿದ. ನಾವು ತುಟಿ ಕಚ್ಚಿಕೊಂಡೆವು. ನಮ್ಮವನ ಮೊಣಕಾಲಿಗೆ ಬೂಟು ಬಿತ್ತು, ರೆಫರಿಗೆ ಕಾಣಲಿಲ್ಲ. ಅದನ್ನೂ ನುಂಗಿದೆವು. ಬದಲಿ ಆಟಗಾರರೆಲ್ಲ ಇಳಿದಾಗಿತ್ತು. ಇಬ್ಬರಿಗೂ ಇನ್ನೂ ಗೋಲಿರಲಿಲ್ಲ. ಆಟ ಮುಗಿಯಲು ಉಸಿರು ಎಳೆದು ಬಿಡುವಷ್ಟು ಹೊತ್ತಿದ್ದಾಗ ಚೆಂಡು ಬಂದು ನನ್ನ ಎದೆಗೆ ಬಡಿಯಿತು. ಸೀಟಿ ಊದಿದ. ಹ್ಯಾಂಡ್‌ಬಾಲ್ ಅಂದ ಪೆರಾಲ್ತಾ, ಪೆನಾಲ್ಟಿ.

ನಾನು ಅಂಗಿ ಎಳೆದು ತೋರಿಸಿದೆ. ಎದೆಯ ನಡುಮಧ್ಯೆ ಚೆಂಡಿನ ಕೆಸರು ಗುಂಡಗೆ ಅಂಟಿತ್ತು.

“ಸಾರ್, ಇಲ್ಲಿ ನೋಡಿ, ಗುರುತು ಇಲ್ಲಿದೆ.”

“ಹಂದಿ ಮೈಮೇಲೆ ಕೆಸರಲ್ದೆ ಅತ್ತರ್ ಇರುತ್ತೇನೋ? ಬರೀಲಾ ಕೋಳಿ ವಿಷ್ಯ?”

ನಾನು ಅಂಗಿ ಕೆಳಗೆ ಬಿಟ್ಟು ಹಿಂದೆ ಸರಿದೆ.

ಅವರ ಹುಡುಗ ಹೊಡೆದ. ಸಾತು ಬಲಕ್ಕೆ ಹಾರಿ ಚೆಂಡನ್ನು ಎದೆಗೆ ಅವಚಿಕೊಂಡ. ಕೇರಿಗೆ ಕೇರಿಯೇ ಬೇಲಿ ಹತ್ತಿ ಕೂಗಿತು. ಪೆರಾಲ್ತಾ ಸೀಟಿ ಊದಿದ.

“ಕೀಪರ್ ಗೆರೆ ಬಿಟ್ಟ. ಮತ್ತೆ ಹೊಡಿ!”

ಮತ್ತೆ ಹೊಡೆದ. ಸಾತು ಕಾಲಲ್ಲಿ ತಡೆದ. ಮತ್ತೆ ಸೀಟಿ.

“ಎಲ್ಲಿ ಬಿಟ್ಟೆ ಸಾರ್? ಹಿಮ್ಮಡಿ ಗೆರೆ ಮೇಲೇ ಇತ್ತು, ಸುಣ್ಣ ಅಂಟಿದೆ ನೋಡಿ!” ಸಾತು ಕಾಲೆತ್ತಿ ತೋರಿಸಿದ.

“ಗೋಲ್ ಆಗೋವರ್ಗೂ ಹೊಡೀತಾರೆ. ನಂಗೇನು ಅವಸರ ಇಲ್ಲ.”

ರೆಫರಿ ಕೋಣೆಯ ಗೋಡೆ ಪಕ್ಕದಲ್ಲಿ ದೊನ್ ಅಮಾದೆಯೊ ಕಷಾಯದ ಸೋರೆಬುರುಡೆಗೆ ಬಿಸಿನೀರು ಬಗ್ಗಿಸಿಕೊಳ್ಳುತ್ತಿದ್ದ. ತಲೆ ಎತ್ತಿ ನೋಡಲೂ ಇಲ್ಲ, ಬೋಳಿಮಗ. ಗೋಲಿನ ಹಿಂದೆ ನಿಂತಿದ್ದ ಅಮ್ಮ ಬಲೆಗೆ ಬಾಯಿಟ್ಟು, “ನನ್ನಿಂದ ಆಯ್ತೇನೋ ಮಗಾ? ನಾನು ಉಣ್ಣೋಕೆ ಇಕ್ಕಬಾರ್ದಿತ್ತೇನೋ?” ಅಂತ ಕೇಳುತ್ತಿದ್ದಳು.

“ನಿನ್ನಿಂದ ಏನೂ ಆಗಿಲ್ಲ ಕಣಮ್ಮ,” ಅಂದ ಸಾತು. ಅವನ ಕೆನ್ನೆ ಒದ್ದೆಯಾಗಿತ್ತು. ಅಪ್ಪ ಸತ್ತಾಗಲೂ ಅಳದವನು ಅವನು. “ಹಿಡಿದ್ರೂ ತಪ್ಪು ಅಂತಾನಲ್ಲೋ ತಮ್ಮಾ. ಇನ್ನು ಹೆಂಗೋ ಹಿಡೀಲಿ?”

ಹುಡುಗ ಓಡಿ ಬಂದ. ಸಾತು ಗೆರೆಯ ಮೇಲೆ ನಿಂತಲ್ಲೇ ತಿರುಗಿ ಅವನಿಗೆ ಬೆನ್ನು ಕೊಟ್ಟ. ಚೆಂಡು ಬೆನ್ನಿಗೆ ಬಡಿದು ಆಚೆ ಹಾರಿತು. ಸಾತು ಮಂಡಿಯೂರಿ ಕೆಮ್ಮಿದ, ಕೆಮ್ಮು ನಿಲ್ಲಲೇ ಇಲ್ಲ.

ಪೆರಾಲ್ತಾ ಓಡಿ ಬಂದ. “ಹೊಡೆಯೋನಿಗೆ ಮುಖ ಕೊಟ್ಟು ನಿಲ್ಬೇಕು, ಅದು ರೂಲ್ಸು! ತಿರುಗೋ!”

“ರೂಲ್ಸು ನಿಂಗೂ ಗೊತ್ತು ಅನ್ನು. ತಿರುಗಲ್ಲ. ಮುಖ ಕೊಟ್ಟು ನಿಂತು ಸಾಕಾಯ್ತು, ಬೆನ್ನಿಗೇ ಹೊಡೀರಿ.”

ಕೆಂಪು ಕಾರ್ಡು ಮೇಲೆ ಹೋಯಿತು. ಇನ್ನು ಗೋಲಿಗೆ ನಮ್ಮಲ್ಲೇ ಒಬ್ಬ ನಿಲ್ಲಬೇಕಿತ್ತು. ಸಾತು ಗ್ಲೌಸು ಕಿತ್ತು ನನ್ನ ಕೈಗೆ ತೊಡಿಸಿದ. ಒಳಗೆ ಅವನ ಬೆವರು ಇನ್ನೂ ಬೆಚ್ಚಗಿತ್ತು.

“ಹಿಡೀಬೇಡ ಕಣೋ,” ಅಂದ ಮೆಲ್ಲಗೆ. “ಹಿಡಿದ್ರೆ ಮತ್ತೆ ಹೊಡೀತಾರೆ. ಬಿಟ್ಬಿಡು. ಮನೆಗೆ ಹೋಗಾಣ.”

ಅವನು ಅಮ್ಮನ ಕಡೆ ನೋಡದೆ ಹೊರಗೆ ನಡೆದ. ಬೇಲಿಯ ಮೇಲಿದ್ದವರು ಒಬ್ಬೊಬ್ಬರಾಗಿ ಕೆಳಗಿಳಿದರು. ನಾನು ಗೆರೆಯ ಮೇಲೆ ಹೋಗಿ ನಿಂತೆ. ಹೊಡೆಯುವ ಹುಡುಗ ಚೆಂಡನ್ನು ಚುಕ್ಕೆಯ ಮೇಲಿಟ್ಟ. ಅವನು ನನ್ನ ಮುಖ ನೋಡಲಿಲ್ಲ. ಪೆರಾಲ್ತಾ ಸೀಟಿ ಬಾಯಿಗಿಟ್ಟುಕೊಂಡು, “ಕಲಿತ್ಯಾ? ಹಂಗೇ ಇರು,” ಅಂದ.

ಸೀಟಿ ಕೇಳಿತು. ನಾನು ತಿರುಗಿದೆ.

ಒಂದು ಮಾರು ದೂರದಲ್ಲಿ ಬಲೆಗೆ ಬೆರಳು ಸಿಕ್ಕಿಸಿ ಅಮ್ಮ ನಿಂತಿದ್ದಳು. ಬೆನ್ನ ಹಿಂದೆ ಬೂಟುಗಳು ಓಡಿ ಬರುವ ಸದ್ದು ಕೇಳಿಸಿತು. ಅಮ್ಮ ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಮುಚ್ಚಲಿಲ್ಲ.