ಆರೂ ಒಂದು

ಹುಣಸೇಪಲ್ಲಿಯ ಹಾಕಿ ತಂಡಕ್ಕೆ ಹೊಸೂರಿನ ಟೈಲರ್ ಅಂಗಡಿಯಿಂದ ಹನ್ನೊಂದು ನೀಲಿ ಅಂಗಿಗಳು ಬಂದದ್ದು ಎಪ್ಪತ್ತರಲ್ಲಿ. ತರಿಸಿದವರು ಸುಬೇದಾರ್ ಹನುಮಂತರಾಯಪ್ಪ. ಮಿಲಿಟರಿಯಿಂದ ಪಿಂಚಣಿ ಪಡೆದು ಬಂದು, ರಾಗಿ ಮುದ್ದೆ ಬಿಟ್ಟರೆ ಬೇರೆ ಉಂಡೆಯನ್ನೇ ಕಾಣದ ಹುಡುಗರ ಕೈಗೆ ಚೆಂಡು ಕೋಲು ಕೊಟ್ಟ ಪುಣ್ಯಾತ್ಮ. ಅಂಗಿಗಳನ್ನು ನಂಬರಿನ ಪ್ರಕಾರ ದೇವಸ್ಥಾನದ ಜಗುಲಿಯ ಮೇಲೆ ಸಾಲಾಗಿ ಹರಡಿ, ಒಬ್ಬೊಬ್ಬರೂ ಒಂದೊಂದು ಎತ್ತಿಕೊಳ್ಳಿ ಎಂದರು.

ಒಂದನೇ ನಂಬರಿಗೆ ಮೂವರು ಕಿತ್ತಾಡಿದರು. ಆ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಬೆನ್ನ ಮೇಲೆ ಲಾಭ ಹೊತ್ತು ಓಡಾಡುವುದು ಯಾರಿಗೆ ಬೇಡ? ಕೊನೆಗೆ ಅದು ತಿಮ್ಮರಾಯಪ್ಪನ ಪಾಲಾಯಿತು. ಅವನ ಮೊಣಕೈ ಉಳಿದಿಬ್ಬರ ಮೊಣಕೈಗಿಂತ ಚೂಪಾಗಿತ್ತು.

ಎಲ್ಲ ಅಂಗಿಗಳೂ ಹೋದ ಮೇಲೆ ಜಗುಲಿಯ ಮೇಲೆ ಏಳನೆಯದು ಒಂದೇ ಬಿದ್ದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ತೆಲುಗಿನಲ್ಲಿ 'ಏಡು' ಎಂದರೆ ಏಳೂ ಹೌದು, 'ಅಳು' ಎಂದು ಹೇಳಿದಂತೆಯೂ ಹೌದು. ತುಂಬಿದ ರಾಶಿಯ ಮುಂದೆ ನಿಂತು ಅಳು ಎನ್ನುವ ಮುಂಡೇದು ಯಾವುದು? ಅದಕ್ಕೇ ಕಣದಲ್ಲಿ 'ಆರು, ಆರೂ ಒಂದು, ಎಂಟು' ಎಂದು ಅಳೆಯುತ್ತಾರೆ. ತಮಿಳು ಮನೆಗಳವರಿಗೆ ಏಳು ಎಂದ ಕೂಡಲೇ ನೆನಪಾಗುವುದು ಏಳೂವರೆ ವರ್ಷ ಬಿಡದೆ ಕಾಡುವ ಏಳರೆ ಶನಿ. ಕನ್ನಡದ ಮನೆಯವರು ಇವರಿಬ್ಬರ ಮಾತನ್ನೂ ಕೇಳಿ ಇಬ್ಬರಿಗಿಂತ ಹೆಚ್ಚು ಹೆದರಿದ್ದರು.

ಗೋಲು ಕಾಯುವ ಮುನಿಶಾಮಿ ಮಾತ್ರ ಅದನ್ನು ಎತ್ತಿಕೊಂಡು ತಲೆಯ ಮೇಲಿಂದ ಇಳಿಸಿಕೊಂಡ.

"ನೀವು ಅತ್ಕೊಂಡಿರ್ರಲಾ. ನಮ್ ಕನ್ನಡದಾಗೆ ಏಳು ಅಂದ್ರೆ ಎದ್ದೇಳು ಅಂತ. ಗೋಲ್ ಕಾಯೋನು ಬೀಳೋನೇ. ನಂಗೆ ಇದೇ ಸರಿ."

ಹಾಗೆ ಶುರುವಾಯಿತು. ಮುನಿಶಾಮಿ ಚೆಂಡಿಗೆ ಅಡ್ಡ ಬೀಳುವನು, ಇಡೀ ಊರು ಕೆರೆ ಏರಿಯ ಮೇಲೆ ನಿಂತು "ಏಳು! ಏಳು!" ಎಂದು ಕೂಗುವುದು, ಅವನು ಚಡ್ಡಿಯ ಮಣ್ಣು ಕೊಡವಿಕೊಂಡು ಏಳುವನು. ಅವರು ಕೂಗುತ್ತಿದ್ದುದು ಅವನ ನಂಬರನ್ನೋ, ಅವನಿಗೆ ಅಪ್ಪಣೆ ಕೊಡುತ್ತಿದ್ದರೋ, ಕೂಗುವವರಿಗೇ ಗೊತ್ತಿರಲಿಲ್ಲ. ಮೊಣಕಾಲು ಊದಿದಾಗಲೂ ಎದ್ದ. ಎರಡು ಹಲ್ಲು ಉದುರಿದಾಗಲೂ ಎದ್ದು, ಮೊದಲು ಚೆಂಡು ಹುಡುಕಿ ಆಮೇಲೆ ಹಲ್ಲು ಹುಡುಕಿದ. ಅಂಗಿ ನಾಲ್ಕು ಸಲ ಹರಿದು ಹೊಸದಾಯಿತು, ನಂಬರು ಬದಲಾಗಲಿಲ್ಲ. ಹೀಗೆ ಹದಿನಾರು ವರ್ಷ.

ಈ ಹದಿನಾರು ವರ್ಷವೂ ಗೋಲಿನ ಮುಂದೆ ಬ್ಯಾಕ್ ಆಗಿ ನಿಂತವನು ಪಾಪಯ್ಯ. ಇಬ್ಬರೂ ಒಂದೇ ದಿನ ಸ್ಕೂಲಿಗೆ ಸೇರಿ, ಒಂದೇ ದಿನ ಬಿಟ್ಟವರು. ಈಗ ಎಂಬತ್ತಾರರಲ್ಲಿ ಇಬ್ಬರಿಗೂ ನಲವತ್ತೈದು ದಾಟಿತ್ತು. ಪಾಪಯ್ಯನ ಹೊಟ್ಟೆಯಲ್ಲಿ ಎರಡು ವರ್ಷದಿಂದ ಒಂದು ಗುಟ್ಟು ಕೂತಿತ್ತು. ಹುಣಸೆ ಬಡಿಯುವಾಗ ಕೊಂಬೆ ತಗುಲಿ ಮುನಿಶಾಮಿಯ ಎಡಗಣ್ಣು ಹೋಗಿತ್ತು. ನೋಡಿದರೆ ಗೊತ್ತಾಗುತ್ತಿರಲಿಲ್ಲ, ಆದರೆ ಆ ಕಣ್ಣಿಗೆ ಹಗಲು ಕಂಡರೆ ಹೆಚ್ಚು. ಯಾರಿಗೂ ಹೇಳಬೇಡ ಎಂದು ಮುನಿಶಾಮಿ ಆಣೆ ಹಾಕಿಸಿಕೊಂಡಿದ್ದ. ಅಂದಿನಿಂದ ಚೆಂಡು ಆ ಕಡೆಯಿಂದ ಬಂದಾಗಲೆಲ್ಲ ಪಾಪಯ್ಯ "ಎಡಕ್ಕೇ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಮುನಿಶಾಮಿ ಆ ದನಿಯ ಮೇಲೆ ಕಾಲು ಚಾಚುತ್ತಿದ್ದ. ಕೋಲಿನಿಂದ ಆಡಬೇಕಾದವನು ಬಾಯಿಂದ ಆಡುತ್ತಾನೆ ಎಂದು ಊರು ಪಾಪಯ್ಯನನ್ನು ಗೇಲಿ ಮಾಡಿತು. ಅವನು ನುಂಗಿಕೊಂಡ.

ಆದರೂ ಕೂಗು ಎಷ್ಟು ದಿನ ಕಣ್ಣಾದೀತು? ಆ ಬೇಸಿಗೆಯಲ್ಲಿ ಮೂರು ಪಂದ್ಯಕ್ಕೆ ಹದಿನಾಲ್ಕು ಗೋಲು ಬಿದ್ದವು. ಮೂರನೆಯ ಪಂದ್ಯದಲ್ಲಂತೂ ಒಂದು ಚೆಂಡು ಅವನ ಒಳ್ಳೆಯ ಕಣ್ಣಿನ ಪಕ್ಕದಲ್ಲೇ, ರೆಪ್ಪೆಗೆ ಗಾಳಿ ಬೀಸಿಕೊಂಡು ಹೋಯಿತು. ಆ ರಾತ್ರಿ ಪಾಪಯ್ಯನಿಗೆ ಮುದ್ದೆ ಇಳಿಯಲಿಲ್ಲ.

ಮುಂದಿನ ಭಾನುವಾರ ಬೆಳಗ್ಗೆ, ಮುನಿಶಾಮಿ ಎತ್ತಿಗೆ ಲಾಳ ಕಟ್ಟಿಸಲು ಹೋದದ್ದನ್ನು ನೋಡಿಕೊಂಡು, ಕ್ಯಾಪ್ಟನ್ ವೆಂಕಟೇಶಪ್ಪ ಜಗುಲಿಯ ಮೇಲೆ ಮೀಟಿಂಗ್ ಕರೆದ. ಅವನು ದಿನಾ ಸೈಕಲ್ ತುಳಿದು ಹೊಸೂರಿನ ಫ್ಯಾಕ್ಟರಿಗೆ ಹೋಗುವವನು. ಹಾಗಾಗಿ ಊರಿನಲ್ಲಿ ಯಾವುದನ್ನು ನೋಡಿದರೂ ಅದು ಸ್ಕ್ರ್ಯಾಪಿಗೆ ಹೋಗಬೇಕೋ ರಿಪೇರಿಗೋ ಎಂದು ತೀರ್ಮಾನಿಸುವ ಚಟ.

"ಫಾರಿನ್‌ನಲ್ಲಿ ಒಂದು ಪದ್ಧತಿ ಐತೆ. ನಮ್ ಎಂಜಿನಿಯರ್ ಸಾರ್ ಪುಸ್ತಕದಲ್ಲಿ ತೋರ್ಸಿದ್ರು," ಎಂದು ಶುರು ಮಾಡಿದ. "ದೊಡ್ಡ ಆಟಗಾರ ಇದ್ರೆ ಅವ್ನ ನಂಬರ್‌ಗೇ ರಿಟೈರ್ಮೆಂಟ್ ಕೊಡ್ತಾರೆ. ಅಂಗಿಗೆ ಗಾಜು ಹಾಕಿ ಗೋಡೆಗೆ ಹೊಡೀತಾರೆ. ಆಮೇಲೆ ಆ ನಂಬರ್ ಯಾರೂ ಹಾಕಂಗಿಲ್ಲ. ಮುನಿಶಾಮಣ್ಣನಿಗೂ ಹಂಗೇ ಮಾಡಾನ."

"ಏಳಕ್ಕೆ ರಿಟೈರ್ಮೆಂಟಾ?" ಎಂದು ತಿಮ್ಮರಾಯಪ್ಪ ನಕ್ಕ. "ಅದನ್ನ ನಮ್ ತಾತನ ಕಾಲ್ದಾಗೇ ಕಣದಿಂದ ರಿಟೈರ್ ಮಾಡ್ಸಿದೀವಿ ಕಣಯ್ಯ. ನಿನ್ ಫಾರಿನ್ನೋರು ಈಗ ಕಲ್ತವ್ರಾ?"

ಹದಿನಾಲ್ಕು ಗೋಲು ಬಿಟ್ಟವನಿಗೆ ಮರ್ಯಾದೆ ಏಕೆ ಎಂದು ಒಬ್ಬ ಕೇಳಿದ. ಅವನು ಹಿಡಿದ ಚೆಂಡುಗಳನ್ನು ಎಣಿಸಲು ನಿನ್ನ ವಂಶದಲ್ಲಿ ಯಾರಿಗೂ ಅಷ್ಟು ಎಣಿಕೆ ಬರುವುದಿಲ್ಲ ಎಂದು ಇನ್ನೊಬ್ಬ ಉತ್ತರ ಕೊಟ್ಟ. ಕೈ ಎತ್ತಿಸಿದರೆ ಐದು ಕೈ ಇತ್ತ, ಐದು ಅತ್ತ. ಹೊರಗೆ ಕೂರುವ ಆಟಗಾರ ಮುತ್ತರಾಯಪ್ಪ ಕೂಡ ಕೈ ಎತ್ತಿದ್ದ. ಮೂರು ವರ್ಷದಿಂದ ಗೆರೆಯಾಚೆ ಕಡಲೆಕಾಯಿ ತಿನ್ನುತ್ತ ಗೋಲಿಗೆ ಕರೆಯುವುದನ್ನೇ ಕಾಯುತ್ತಿದ್ದವನು ಅವನು. ಉಳಿದವನು ಪಾಪಯ್ಯ ಒಬ್ಬನೇ.

ಮರ್ಯಾದೆಯ ಮಾತೆಲ್ಲ ಮೇಲಿನ ಒಗ್ಗರಣೆ ಎಂದು ಪಾಪಯ್ಯನಿಗೆ ಗೊತ್ತಿತ್ತು. ನಂಬರನ್ನು ಗೋಡೆಗೆ ಹೊಡೆದರೆ ಮನುಷ್ಯ ತಾನಾಗಿ ಮನೆಗೆ ಹೋಗುತ್ತಾನೆ ಎಂಬುದೇ ಅದರ ಹೂರಣ. ಕೈ ಎತ್ತಿದರೆ ಗೆಳೆಯ ಗೋಲಿನಿಂದ ಹೊರಗೆ. ಎತ್ತದಿದ್ದರೆ ಇಂದಲ್ಲ ನಾಳೆ ಉಳಿದೊಂದು ಕಣ್ಣೂ ಹೋಗುತ್ತದೆ. ಕೈ ಎತ್ತಿದ. ಎತ್ತಿದ ಕೈಯನ್ನು ಇಳಿಸುವುದರೊಳಗೆ ಮುನಿಶಾಮಿಗೆ ಹೇಳುವ ಕೆಲಸವೂ ನಿನ್ನದೇ ಎಂದು ಎಲ್ಲರೂ ಎದ್ದು ಹೋದರು.

ಸಂಜೆ ಮುನಿಶಾಮಿ ಎತ್ತಿಗೆ ಹಿಂಡಿ ಕಲಸುತ್ತಿದ್ದ. ಪಾಪಯ್ಯ ಹೋಗಿ ಲಾಳ ಚೆನ್ನಾಗಿದೆ ಎಂದ. ಎತ್ತು ಚೆನ್ನಾಗಿದೆ ಎಂದ. ಹಿಂಡಿಯೂ ಚೆನ್ನಾಗಿದೆ ಎಂದಾಗ ಮುನಿಶಾಮಿಗೆ ಅನುಮಾನ ಬಂತು.

"ತಿನ್ನಾಕೆ ಬಂದ್ಯೇನ್ಲಾ? ಅದೇನ್ ಬೊಗಳು."

"ನಿನ್ ನಂಬರ್‌ಗೆ ದೊಡ್ ಮರ್ಯಾದೆ ಮಾಡ್ತಾರಂತೆ. ಗಾಜು, ಚೌಕಟ್ಟು, ತಮಟೆ ಎಲ್ಲ. ಇನ್ ಮ್ಯಾಕೆ ಏಳನೇ ನಂಬರ್ ಯಾರೂ ಹಾಕಂಗಿಲ್ಲ."

"ಯಾರೂ?"

"ಯಾರೂ."

"ನಾನೂ?"

"ನೀನೂ."

ಮುನಿಶಾಮಿ ಕೈಗಂಟಿದ ಹಿಂಡಿಯನ್ನು ಒಂದೊಂದೇ ಬೆರಳಿನಿಂದ ತೆಗೆದ. "ಆಗ್ಲಿ ಬುಡು," ಎಂದ.

ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಪಾಪಯ್ಯ ಮನೆಗೆ ಹೋಗಿ ಎರಡು ಮುದ್ದೆ ಉಂಡ. ಆಟ ಬಿಡು ಎಂಬ ಅರ್ಧ ಮಾತನ್ನು ಮಾತ್ರ ಅವನು ಆಡಿರಲೇ ಇಲ್ಲ. ಅರ್ಥವಾಗಿರುತ್ತದೆ ಬಿಡು ಎಂದುಕೊಂಡ. ಮಾತು ಆಡಲು ಧೈರ್ಯವಿಲ್ಲದವರು ಹೀಗೇ ಅಂದುಕೊಳ್ಳುವುದು.

ಜವಳಗಿರಿಯವರ ಜೊತೆ ಪಂದ್ಯದ ದಿನ ಒಣಗಿದ ಕೆರೆಯ ಅಂಗಳದಲ್ಲಿ ಸಮಾರಂಭ. ಹಿಂದಿನ ದಿನ ಆನೆಗಳು ದಾಟಿಹೋಗಿ ಬಿದ್ದಿದ್ದ ಗುಂಡಿಗಳನ್ನು ಮುಚ್ಚಿ, ಲದ್ದಿ ಎತ್ತಿ, ಬೇವಿನ ಮರದ ಕೆಳಗೆ ಕುರ್ಚಿ ಇಟ್ಟು, ಅದರ ಮೇಲೆ ಗಾಜಿನೊಳಗೆ ನೀಲಿ ಅಂಗಿ. ವೆಂಕಟೇಶಪ್ಪ ಯಾವುದಕ್ಕೂ ಕಡಿಮೆ ಆಗಬಾರದೆಂದು ಚೌಕಟ್ಟಿಗೆ ಕುಂಕುಮ ಇಟ್ಟು, ದೊಡ್ಡ ಸೇವಂತಿಗೆ ಹಾರ ಹಾಕಿ, ಎರಡು ಊದುಬತ್ತಿ ಹಚ್ಚಿದ್ದ. ತಮಟೆಯವರು ಶುರು ಮಾಡಿದರು.

ಮುನಿಶಾಮಿಯ ಹೆಂಡತಿ ಮಂಗಮ್ಮ ಒಳ್ಳೆ ಸೀರೆ ಉಟ್ಟು, ಗಂಡನ ಮರ್ಯಾದೆ ನೋಡಲು ನಗುನಗುತ್ತ ಬಂದವಳು ಆ ಹಾರ ಕಂಡು ನಿಂತುಬಿಟ್ಟಳು.

"ಯಾವನ್ಲಾ ಹಾರ ಹಾಕ್ದೋನು? ನನ್ ಗಂಡ ಕಲ್ಗುಂಡಿನಂಗೆ ಬದುಕವ್ನೆ, ಬೆಳಗ್ಗೆ ನಾಲ್ಕು ರೊಟ್ಟಿ ತಿಂದವ್ನೆ! ಊದುಬತ್ತಿ ಬೇರೆ! ತಿಥಿ ಊಟ ಯಾವತ್ತು ಇಟ್ಕೊಂಡಿದೀರ, ಅದ್ನೂ ಹೇಳ್ಬುಡಿ!"

"ಅಕ್ಕಾ, ಫಾರಿನ್‌ನಲ್ಲಿ..." ಎಂದ ವೆಂಕಟೇಶಪ್ಪ.

"ಫಾರಿನ್ನಾಗೆ ನಿನ್ ಅಂಗಿಗೆ ಹಾಕ್ಸ್ಕೋ ಹೋಗು!"

ಹಾರ ಕಿತ್ತು ಅವನ ಕೊರಳಿಗೇ ಎಸೆದಳು. ಊದುಬತ್ತಿಗಳನ್ನು ಮಣ್ಣಿಗೆ ಒತ್ತಿ ಆರಿಸಿದಳು. ತಮಟೆಯವರು ನಿಲ್ಲಿಸಬೇಕೋ ಜೋರು ಮಾಡಬೇಕೋ ತಿಳಿಯದೆ ಜೋರು ಮಾಡಿದರು.

ಆ ಗದ್ದಲದಲ್ಲಿ ಮರದ ಹಿಂದಿನಿಂದ ಮುನಿಶಾಮಿ ಬಂದ. ಕಾಲಿಗೆ ತೆಂಗಿನ ನಾರು ತುಂಬಿದ ಗೋಣಿಯ ಪ್ಯಾಡು, ಕೈಯಲ್ಲಿ ಕೋಲು, ಮೈಮೇಲೆ ಹೊಸ ಅಂಗಿ. ಮುನಿಶಾಮಿ ಗೋಲಿನ ಕಡೆಗೆ ತಿರುಗಿದಾಗ ಬೆನ್ನು ಕಂಡಿತು. ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ ಹೊಲಿಸಿದ್ದ: 6+1.

"ಏಳು ಯಾರೂ ಹಾಕಂಗಿಲ್ಲ ಅಂದ್ರಲ್ಲ," ಎಂದು ಅವನು ಶಾಂತವಾಗಿ ಹೇಳಿದ. "ಸರಿಯಪ್ಪ. ಇದು ಆರೂ ಒಂದು."

ತಿಮ್ಮರಾಯಪ್ಪ ಬಿದ್ದು ಬಿದ್ದು ನಕ್ಕ. ಅಂಪೈರ್ ಆಗಿ ಬಂದಿದ್ದ ತಮಿಳು ಡ್ರಿಲ್ ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಆ ಬೆನ್ನನ್ನು ಎರಡು ಸಲ ಓದಿದರು. "ಎನ್ನಯ್ಯಾ ಇದು? ನಂಬರಾ, ಕಣಕ್ಕಾ?" ಎಂದು ಕೇಳಿದರು. ತಮಿಳಿನ ಕಣಕ್ಕು ಎಂದರೆ ಲೆಕ್ಕ. ಬೆನ್ನ ಮೇಲೆ ಲೆಕ್ಕ ಹಾಕಿದವರನ್ನು ಆಟದಿಂದ ಹೊರಗಿಡಬೇಕೆಂಬ ನಿಯಮ ಅವರ ಪುಸ್ತಕದಲ್ಲಿ ಇರಲಿಲ್ಲ. ಸೀಟಿ ಊದಿದರು. ಮುತ್ತರಾಯಪ್ಪ ಮತ್ತೆ ಕಡಲೆಕಾಯಿ ಬಿಡಿಸಲು ಕೂತ.

ಪಾಪಯ್ಯ ತನ್ನ ಜಾಗಕ್ಕೆ ಓಡುತ್ತ, "ಬ್ಯಾಡ ಕಣ್ಲಾ," ಎಂದ. ಮುನಿಶಾಮಿ ಕೇಳದವನಂತೆ ಗೋಲಿನ ಕಂಬಕ್ಕೆ ಕೋಲು ಬಡಿದು ಅಳತೆ ನೋಡಿಕೊಂಡ.

ಮೊದಲರ್ಧ ದೇವರು ದೊಡ್ಡವನು. ಎರಡು ಚೆಂಡುಗಳನ್ನು ಮುನಿಶಾಮಿ ಪಾಪಯ್ಯನ ಕೂಗಿನ ಮೇಲೆಯೇ ತಡೆದ. ಏರಿಯ ಮೇಲೆ ಊರಿಗೆ ಹುರುಪು ಏರಿ, ಮರ್ಯಾದೆಗೆಂದು ಕರೆಸಿದ್ದ ತಮಟೆಯವರನ್ನು ಗೋಲಿನ ಹಿಂದಕ್ಕೇ ಕರೆತಂದು ನಿಲ್ಲಿಸಿದರು. ಆಟ ಮುಗಿಯಲು ಹತ್ತು ನಿಮಿಷ ಇದ್ದಾಗ ಜವಳಗಿರಿಯ ಫಾರ್ವರ್ಡ್ ಒಬ್ಬ ಎಡಗಡೆಯಿಂದ ನುಗ್ಗಿದ. ಪಾಪಯ್ಯ ಅಡ್ಡ ಹೋದ, ತಪ್ಪಿತು. "ಎಡಕ್ಕೇ! ಎಡಕ್ಕೇ ಮುನಿಶಾಮಿ!" ಎಂದು ಕೂಗಿದ. ತಮಟೆಯ ಸದ್ದಿನಲ್ಲಿ ತನ್ನ ಕೂಗು ತನಗೇ ಕೇಳಲಿಲ್ಲ.

ಮುನಿಶಾಮಿ ಬಲಕ್ಕೆ ನೋಡುತ್ತಿದ್ದ. ಚೆಂಡು ಎಡಹುಬ್ಬಿಗೆ ಬಡಿದು, ಅಲ್ಲಿಂದ ಚಿಮ್ಮಿ ಕಂಬದ ಆಚೆ ಹೋಯಿತು. ಗೋಲು ಆಗಲಿಲ್ಲ. ಮುನಿಶಾಮಿ ಬಿದ್ದ.

"ಏಳು! ಏಳು! ಏಳು!"

ಬೆನ್ನ ಮೇಲೆ ಈಗ ಏಳಿಲ್ಲ ಎಂಬುದು ಯಾರಿಗೂ ನೆನಪಿರಲಿಲ್ಲ. ಮುನಿಶಾಮಿ ಒಂದು ಕೈ ಊರಿದ. ಮೊಣಕಾಲ ಮೇಲೆ ಬಂದ. ಪ್ಯಾಡು ಜಾರಿ ಮತ್ತೆ ಕುಸಿದ. ಊರು ಇನ್ನಷ್ಟು ಜೋರಾಗಿ ಕೂಗಿತು. ಹುಬ್ಬಿನಿಂದ ರಕ್ತ ಇಳಿದು ಆ ಸತ್ತ ಕಣ್ಣಿನೊಳಕ್ಕೆ ಹೋಗುತ್ತಿತ್ತು. ಅವನು ಮತ್ತೆ ಕೈ ಊರಿದ.

ಪಾಪಯ್ಯ ಕೋಲು ಎಸೆದು ಓಡಿಬಂದು ಅವನ ಹೆಗಲನ್ನು ಎರಡೂ ಕೈಯಿಂದ ಕೆಳಕ್ಕೆ ಅದುಮಿದ.

"ಕೂತ್ಕೊಳ್ಳಲಾ."

"ಏನಂದೆ?"

"ಕೂತ್ಕೋ. ಏಳ್ಬ್ಯಾಡ. ಸಾಕು. ಇನ್ ಆಡ್ಬ್ಯಾಡ ಕಣ್ಲಾ ಮುನಿಶಾಮಿ."

ಮುನಿಶಾಮಿ ಒಳ್ಳೆಯ ಕಣ್ಣಿನಿಂದ ಅವನನ್ನೇ ನೋಡಿದ. ಊರಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತ.

"ಹದ್ನಾರ್ ವರ್ಷದಿಂದ ಊರಿಗೂರೇ ಏಳು ಏಳು ಅಂತೈತೆ," ಎಂದ. "ಕೂತ್ಕೋ ಅಂದೋನು ನೀನೊಬ್ನೇ. ಈ ಮಾತು ಎರಡ್ ವರ್ಷದ ಹಿಂದೆ ಆಡಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

"ನೀನೇ ಬುಡ್ಬೋದಿತ್ತಲ್ಲ! ಆಣೆ ಬೇರೆ ಹಾಕ್ಸ್ಕೊಂಡೆ!"

"ಎಂಗ್ ಬುಡಾನ? ನೀನು ಎಡಕ್ಕೆ ಎಡಕ್ಕೆ ಅಂತ ಗಂಟ್ಲು ಹರ್ಕೊಂತಿದ್ದೆ. ಎಲ್ರೂ ನಗ್ತಿದ್ರು. ಇವ್ನು ನನಗೋಸ್ಕರ ಇಷ್ಟು ಮಾಡ್ತಾವ್ನೆ, ನಾನ್ ಕೂತ್ಬುಟ್ರೆ ಇವ್ನಿಗೆ ಅವಮಾನ ಆದೀತು ಅಂತ ನಿಂತಿದ್ದೆ."

ಪಾಪಯ್ಯನಿಗೆ ಬೈಗುಳ ನಾಲಗೆಯ ತುದಿಗೆ ಬಂದಿತ್ತು, ಆದರೆ ಅದರ ಬದಲು ಅಳು ಬಂತು. ನಲವತ್ತೈದು ದಾಟಿದ ಗಂಡಸು ಎರಡೂರಿನ ಜನರ ಮುಂದೆ ಮೂಗು ಸುರಿಸಿಕೊಂಡು ಅತ್ತ. ತೆಲುಗಿನವರ 'ಏಡು' ಅಷ್ಟರಮಟ್ಟಿಗೆ ನಿಜವಾಯಿತು.

ಮಂಗಮ್ಮ ಗಾಯಕ್ಕೆ ಕಟ್ಟಲು ಸೆರಗು ಹರಿದುಕೊಂಡು ಓಡಿಬರುತ್ತಿದ್ದಳು. ಗೆರೆಯಾಚೆ ಮುತ್ತರಾಯಪ್ಪ ಕಡಲೆಕಾಯಿ ಸಿಪ್ಪೆ ಕೊಡವಿಕೊಂಡು ಎದ್ದು ನಿಂತಿದ್ದ. ಡ್ರಿಲ್ ಮಾಸ್ಟರು ಸೀಟಿಯನ್ನು ಬಾಯಲ್ಲಿಟ್ಟುಕೊಂಡು ಊದದೆ ನಿಂತಿದ್ದರು. ಏರಿಯ ಮೇಲಿನಿಂದ ಮಾತ್ರ "ಏಳು! ಏಳು!" ನಿಂತಿರಲಿಲ್ಲ.

"ಕೂಗ್ಕೊಂಡ್ ಸಾಯ್ಲಿ ಬುಡು," ಎಂದು ಮುನಿಶಾಮಿ ಗೋಲಿನೊಳಗೆ ಸ್ವಲ್ಪ ಸರಿದು ಜಾಗ ಮಾಡಿದ. "ನೀನೂ ಕೂತ್ಕೋ."

ಪಾಪಯ್ಯ ಅವನ ಎಡಗಡೆಗೆ ಹೋಗಿ ಕೂತ.