ಹದಿನಾಲ್ಕೂವರೆ ಡಿಗ್ರಿ

ಸರ್... ಸರ್... ಕೆಳಗೆಲ್ಲೋ ಏನೋ ಉಜ್ಜುವ ಸದ್ದು. ಆಮೇಲೆ ಮೌನ. ಮತ್ತೆ ಸರ್...

ರಾತ್ರಿ ಒಂದು ಗಂಟೆ. ಏಳು ತಿಂಗಳ ಬಸುರಿಗೆ ನಿದ್ದೆ ಹೇಗೂ ಅಷ್ಟಕ್ಕಷ್ಟೆ. ನನಗಂತೂ ಚಿಕ್ಕಂದಿನಿಂದಲೂ ಕಿವಿ ತೆರೆದೇ ಮಲಗುವ ಅಭ್ಯಾಸ. ಇಲಿ ಇರಬಹುದು ಎಂದುಕೊಂಡೆ. ಇಲಿಯಾದರೆ ವೈರು ಕಡಿಯಬಹುದು, ವೈರು ಕಡಿದರೆ ಬೆಂಕಿ ಹತ್ತಬಹುದು. ಕಂಬಳಿ ಹೊದ್ದು ಕೆಳಗಿಳಿದೆ.

ಅಂಗಳದಾಚೆ ಮಾವನ ಬಡಗಿಕೋಣೆಯಲ್ಲಿ ದೀಪವಿತ್ತು. ಕಿಟಕಿಯಿಂದ ಇಣುಕಿದೆ. ಮಾವ ರಾಷ್ಕೋ ಕೈಗರಗಸದಿಂದ ಅಕ್ರೋಟು ಮರದ ಹಲಗೆ ಕೊಯ್ಯುತ್ತಿದ್ದರು. ನಾಲ್ಕು ಎಳೆತ, ಒಂದು ವಿಶ್ರಾಂತಿ. ಪಕ್ಕದಲ್ಲಿ ಹೊರಕ್ಕೆ ವಾಲಿಸಿ ನಿಲ್ಲಿಸಿದ ಬದಿಗಳು, ಬಿಲ್ಲಿನಂತೆ ಬಾಗಿದ ಎರಡು ಕಾಲು. ತೊಟ್ಟಿಲು!

ನಮ್ಮ ಮನೆಯಲ್ಲಿ ಮಗು ಹುಟ್ಟುವ ಮೊದಲು ಅದಕ್ಕಾಗಿ ಒಂದು ಗುಂಡಿಯನ್ನೂ ಹೊಲಿಯುವಂತಿಲ್ಲ, ಅಪಶಕುನವಂತೆ. ಪುಟ್ಟ ಕಾಲುಚೀಲ ತಂದ ಪಕ್ಕದ ಮನೆಯವಳನ್ನು ಅತ್ತೆ ತ್ಸೇನಾ ಗೇಟಿನಿಂದಲೇ ವಾಪಸು ಕಳಿಸಿದ್ದರು. ಆಗ ಪಕ್ಕದಲ್ಲಿ ನಿಂತು, ಹೌದು ಹೌದು ಎಂದು, ನಮ್ಮ ದೇಶದ ರೂಢಿಯಂತೆ ತಲೆಯನ್ನು ಅಡ್ಡಡ್ಡ ಆಡಿಸಿದವರು ಇದೇ ಮಾವ.

ಅವರು ಎರಡು ಹಲಗೆಗಳ ತುದಿ ಕೂಡಿಸಿ ದೀಪಕ್ಕೆ ಹಿಡಿದರು. ಮೂಲೆಯಿಂದ ಬೆಳಕು ಗೆರೆಯಾಗಿ ತೂರಿ ಬಂತು. ನಾಲಿಗೆ ಲೊಚಗುಟ್ಟಿ, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತುಬಿಟ್ಟರು. ನಮ್ಮ ಬೀದಿಯ ಅರ್ಧ ಮಕ್ಕಳು ಮಲಗಿದ್ದು ಅವರು ಮಾಡಿದ ತೊಟ್ಟಿಲಲ್ಲಿ. ಸ್ವಂತ ಮೊಮ್ಮಗುವಿನ ತೊಟ್ಟಿಲ ಮೂಲೆ ಮಾತ್ರ ಕೂಡುತ್ತಿಲ್ಲ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕೊಯ್ಯುವ ಕೋನದ ಎರಡು ಅಂಕಿ ಬರೆದಿದ್ದರು: ಹದಿನಾಲ್ಕೂವರೆ, ನಲವತ್ಮೂರು.

ಸದ್ದಿಲ್ಲದೆ ಮೇಲೆ ಬಂದೆ. ಕಟ್ಟುಪಾಡು ಮುರಿದದ್ದಕ್ಕೆ ಹೆದರಬೇಕೋ, ಆ ಬೆಳಕಿನ ಗೆರೆಗೆ ಮರುಗಬೇಕೋ ತಿಳಿಯಲಿಲ್ಲ. ಬೆಳಗಾಗುವ ಹೊತ್ತಿಗೆ ಗೆರೆಯೇ ಗೆದ್ದಿತು.

ತಿಂಡಿಯ ಹೊತ್ತಿಗೆ, ಅತ್ತೆಯ ಎದುರೇ ಹೇಳಿದೆ: "ಮಾವ, ಕಿಟಕಿ ಚೌಕಟ್ಟು ಬದಲಾಯಿಸ್ಬೇಕು ಅಂತಿದ್ರಲ್ಲ. ಓರೆ ಕೊಯ್ಯೋ ಯಂತ್ರ ಬರುತ್ತಲ್ಲ, ಮೈಟರ್ ಗರಗಸ, ಅದೊಂದು ತಗೊಳ್ಳಿ. ಅಡ್ಡಕ್ಕೂ ತಿರುಗುತ್ತೆ, ಪಕ್ಕಕ್ಕೂ ವಾಲುತ್ತಂತೆ."

"ಐವತ್ತು ವರ್ಷ ಕೈಯಲ್ಲೇ ಕೊಯ್ದಿದೀನಿ. ಯಂತ್ರ ಯಾವನಿಗೆ ಬೇಕು?" ಎಂದವರು, ಮಾತು ಮುಗಿಯುವ ಮೊದಲೇ ಟೋಪಿ ಹಾಕಿಕೊಂಡಿದ್ದರು.

ತ್ರ್ಯಾವ್ನಾ ಪೇಟೆಯ ಕಾಲಿನಾಳ ಅಂಗಡಿಗೆ ಇಬ್ಬರೂ ಹೋದೆವು. ಮೊಳೆಯಿಂದ ಮೋಟಾರಿನವರೆಗೆ ಎಲ್ಲ ಮಾರುವ ಹೆಂಗಸು.

"ಏನು ಕೊಯ್ಯೋಕೆ, ರಾಷ್ಕೋ ಅಣ್ಣ?"

"ಹಂದಿಗೆ ಮುಸುರೆ ಹಾಕೋ ಬಾನಿ," ಎಂದರು ಮಾವ.

ಕಿಟಕಿ ಚೌಕಟ್ಟಿನ ನೆಪವನ್ನು ದಾರಿಯಲ್ಲೇ ಮರೆತಿದ್ದರು! ಸಾಲದ್ದಕ್ಕೆ ಜೇಬಿನಿಂದ ಹಲಗೆಯ ತುಂಡುಗಳನ್ನು ತೆಗೆದು ಕಟ್ಟೆಯ ಮೇಲಿಟ್ಟರು.

ಕಾಲಿನಾ ಮೂಸಿ ನೋಡಿದಳು. "ಅಕ್ರೋಟು ಮರದ ಬಾನಿನಾ? ನಿಮ್ಮ ಹಂದಿಗೇನು ಮದುವೆನಾ?"

"ಒಳ್ಳೇ ಮನೆತನದ ಹಂದಿ. ನೀನು ಯಂತ್ರ ತೋರ್ಸು."

ಮೊದಲನೆಯದು ಅಗ್ಗದ್ದು. ಮಾವ ಅದರ ತಲೆ ಹಿಡಿದು ಅಲ್ಲಾಡಿಸಿದರು. "ಥೂ, ಇದು ನನ್ನ ಕೈಗಿಂತ ಜಾಸ್ತಿ ನಡುಗುತ್ತೆ."

ಎರಡನೆಯದು ಫಳಫಳ ಹೊಳೆಯುವ ದೊಡ್ಡ ಯಂತ್ರ. "ಎಡಕ್ಕೂ ವಾಲುತ್ತೆ, ಬಲಕ್ಕೂ ವಾಲುತ್ತೆ, ಕೆಂಪು ದೀಪದಲ್ಲಿ ಗೆರೆ ಬೇರೆ ಹಾಕುತ್ತೆ," ಎಂದಳು ಕಾಲಿನಾ. ನಾನು ಗೆರೆ ನೋಡಲಿಲ್ಲ. ಬ್ಲೇಡಿನ ಮುಸುಕು ತಾನಾಗಿ ಮುಚ್ಚುತ್ತದೆಯೇ ಎಂದು ನಾಲ್ಕು ಸಲ ಎತ್ತಿಳಿಸಿ ನೋಡಿದೆ. ಮಾವ ಬಗ್ಗಿ, ಕೋನದ ಅಂಕಿ ಕೊರೆದ ಅದರ ತಟ್ಟೆಯನ್ನು ತಿರುಗಿಸಿದರು. ಅದು ಟಕ್ಕೆಂದು ಕಚ್ಚಿಗೆ ಕೂತಿತು. ತುಸು ಹಿಂದೆ ತಂದರು. ಬಿಗಿ ಮಾಡುವಷ್ಟರಲ್ಲಿ ಜಾರಿ ಮತ್ತೆ ಅಲ್ಲೇ ಕೂತಿತು. ಏನು ಬೇಕೆಂದು ಬಾಯಿಬಿಟ್ಟು ಹೇಳುವಂತಿಲ್ಲ, ಕೈಗೆ ಸಿಗುತ್ತಿಲ್ಲ. ನನಗೆ ತಡೆಯಲಾಗಲಿಲ್ಲ.

"ಹದಿನೈದರ ಕಚ್ಚು ಎಳ್ಕೊಳ್ತಿದೆ ಮಾವ. ಇದು ಹದಿನಾಲ್ಕೂವರೆಗೆ ನಿಲ್ಲಲ್ಲ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಒಂದೊಂದು ಪದವನ್ನೂ ತೂಗಿ ಆಡುವವಳು ನಾನು! ಮಾವ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದರು. ಕಾಲಿನಾ ಅವರನ್ನು ನೋಡಿದಳು, ಅಕ್ರೋಟು ತುಂಡು ನೋಡಿದಳು, ಆಮೇಲೆ ನನ್ನ ಹೊಟ್ಟೆ.

"ಹೌದಪ್ಪ," ಎಂದಳು ಗಂಭೀರವಾಗಿ, "ಹಂದಿ ಬಾನಿಗೆ ಹದಿನಾಲ್ಕೂವರೆನೇ ಆಗ್ಬೇಕು. ನಮ್ಮಜ್ಜನೂ ಹಾಗೇ ಮಾಡ್ತಿದ್ದ."

ಹಿಂದಿನಿಂದ ಮೂರನೆಯದನ್ನು ಹೊತ್ತು ತಂದಳು. ನೋಡಲು ಸಾದಾ. "ವಾಲೋದು ಒಂದೇ ಕಡೆ. ಆದ್ರೆ ಈ ಗುಬಟು ಒತ್ತಿದ್ರೆ ಯಾವ ಕಚ್ಚಿಗೂ ಸಿಕ್ಕಲ್ಲ, ಎಲ್ಲಿ ಬೇಕೋ ಅಲ್ಲಿ ಬಿಗಿ ಮಾಡ್ಬಹುದು. ಹಲಗೆ ಕಚ್ಚಿ ಹಿಡಿಯೋಕೆ ಇಕ್ಕಳ ಇದೆ. ಕೈ ಹತ್ರ ಒಯ್ಯೋದೇ ಬೇಡ."

"ಒಂದು ಕಡೆ ಸಾಕು. ಹಲಗೆ ತಿರುವಿ ಹಾಕೋಕೆ ನಂಗೆ ಬರುತ್ತೆ," ಎಂದರು ಮಾವ.

ತಟ್ಟೆ ಹದಿನಾಲ್ಕೂವರೆ, ಬ್ಲೇಡು ನಲವತ್ಮೂರು. ನಾನೇ ಎರಡು ಸಲ ಓದಿ ಖಚಿತ ಮಾಡಿದೆ. ಯಂತ್ರ ಗುಂಯ್ಯೆಂದಿತು. ಕೊಯ್ದ ತುಂಡುಗಳನ್ನು ಕೂಡಿಸಿ, ಮಾವ ಅವನ್ನು ದೀಪಕ್ಕೆ ಹಿಡಿಯದೆ ನನ್ನ ಕೈಗೆ ಕೊಟ್ಟರು.

"ನೋಡಮ್ಮಾ. ನಿನ್ನ ಕಣ್ಣು ಚುರುಕು."

ನನ್ನ ಕೆಲಸದಲ್ಲಿ ಕರಡಚ್ಚು ತಿದ್ದುವಾಗ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದೆ. ಕೂದಲೆಳೆಯಷ್ಟೂ ಬೆಳಕಿಲ್ಲ. ನನಗೆ ನಗು ಬಂತು, ಮಾವನಿಗೂ ಬಂತು, ಕಾಲಿನಾ ಕಟ್ಟೆ ಬಡಿದು ನಕ್ಕಳು. ಏಕೆಂದು ಯಾರೂ ಯಾರನ್ನೂ ಕೇಳಲಿಲ್ಲ.

ಗೇಟಿನಲ್ಲಿ ಅತ್ತೆ ಕಾಯುತ್ತಿದ್ದರು. "ಇಷ್ಟು ದೊಡ್ಡ ಪೆಟ್ಟಿಗೆ ಏನಕ್ಕೆ?"

"ಕಿಟಕಿ ಚೌಕಟ್ಟಿಗೆ," ಎಂದೆ ನಾನು. "ಹಂದಿ ಬಾನಿಗೆ," ಎಂದರು ಮಾವ, ಅದೇ ಕ್ಷಣಕ್ಕೆ.

"ನಮ್ಮನೇಲಿ ಹಂದಿ ಎಲ್ಲಿದೆ?"

"ತರ್ತೀವಿ."

"ಅದಕ್ಕೊಂದು ಕಿಟಕಿನೂ ಇಡಿ," ಎಂದು ಅತ್ತೆ ಒಳಗೆ ಹೋದರು.

ಮರುದಿನದಿಂದ ಬಡಗಿಕೋಣೆಯಲ್ಲಿ ಹಾಡುಹಗಲೇ ಯಂತ್ರ ಹಾಡತೊಡಗಿತು. ಲಾರಿ ಓಡಿಸುವ ನನ್ನ ಗಂಡ ಬೊಯಾನ್ ಸಂಜೆ ಎಂದಿನಂತೆ ಫೋನು ಮಾಡಿದ. "ಹೇಳು, ಇವತ್ತಿನ ಗಾಬರಿ ಏನು?" ದಿನವೂ ಒಂದೊಂದನ್ನೂ ಬಿಡದೆ ಒಪ್ಪಿಸುವವಳು ನಾನು. ಬಾಯಿ ತೆರೆದೆ. ಅಂಗಳದಾಚೆ ಮಾವ ಒಂದು ಮೂಲೆಯನ್ನು ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

"ಏನೂ ಇಲ್ಲ," ಎಂದೆ. ಇವನಿಗೂ ಹೇಳುವುದಿಲ್ಲ, ಅತ್ತೆಗಂತೂ ಇಲ್ಲ, ಆ ರಾತ್ರಿ ಕಿಟಕಿಯಾಚೆ ನಿಂತಿದ್ದೆನೆಂದು ಮಾವನಿಗೂ ಹೇಳುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.