ಆಮೆಯ ಪೆಟ್ಟಿಗೆಯಡಿ ಚಿಕ್ಕಮಲ್ಲಮ್ಮನವರ ಹೀಟಿಂಗ್ ಪ್ಯಾಡ್

೧
ಈ ಕಥೆಯನ್ನು ಆಮೆಯಿಂದ ಶುರು ಮಾಡಲೋ, ಚಿಕ್ಕಮಲ್ಲಮ್ಮನವರ ಬೆನ್ನುನೋವಿನಿಂದಲೋ, ನೀವೇ ಹೇಳಿ ಓದುಗರೇ. ಬೆನ್ನುನೋವಿನಿಂದ ಎರಡು ಸಲ ಶುರು ಮಾಡಿ ಎರಡೂ ಸಲ ಹಾಳೆ ಹರಿದೆ. ಆ ತಾಯಿ ಲಿಂಗೈಕ್ಯರಾಗಿ ಐದು ತಿಂಗಳಾಯಿತು; ಅವರನ್ನು ಮತ್ತೆ ಮಂಚದ ಮೇಲೆ ನರಳಿಸಲು ಮನಸ್ಸು ಬರಲಿಲ್ಲ. ಆಮೆಯಿಂದಲೇ ಆಗಲಿ.

೨
ಗುಂಡ್ಲುಪೇಟೆ, ೨೦೦೬ರ ಡಿಸೆಂಬರ್. ಚಿಕ್ಕಮಲ್ಲಮ್ಮನವರ ಮೊಮ್ಮಗಳು, ಹತ್ತು ವರ್ಷದ ಶಿವಾನಿ ಮೈಸೂರಿನ ಅಕ್ವೇರಿಯಂ ಅಂಗಡಿಯಿಂದ ತಂದ ಅಂಗೈಯಗಲದ ಆಮೆ ಒಂಬತ್ತು ದಿನದಿಂದ ಏನೂ ತಿಂದಿಲ್ಲ. (ಬಂಡೀಪುರದ ಕಾಡಿನದಲ್ಲ, ಪರದೇಶದ ತಳಿ. ಅರಣ್ಯ ಇಲಾಖೆಯವರು ನಿಶ್ಚಿಂತೆಯಿಂದ ಮುಂದೆ ಓದಬಹುದು.) ಫೋನ್ ಮಾಡಿದರೆ ಅಂಗಡಿಯವನು, "ಚಳಿಗೆ ಹಿಂಗಾಗುತ್ತೆ ಮರಿ, ಅಡಿಯಿಂದ ಶಾಖ ಕೊಡು. ಇಲ್ದಿದ್ರೆ ಉಳಿಯಲ್ಲ" ಎಂದ.

ಮನೆಯಲ್ಲಿ ಹಾಗೆ ಶಾಖ ಕೊಡುವಂಥದ್ದು ಅಜ್ಜಿಯ ಹೀಟಿಂಗ್ ಪ್ಯಾಡ್ ಒಂದೇ. ಅದನ್ನು ತಾತ ಶಿವರುದ್ರಸ್ವಾಮಿಯವರು ಅಜ್ಜಿ ಹೋದ ಮೇಲೂ ದಿನಾ ಸಂಜೆ ಪೂಜೆ ಮುಗಿಸಿ, ಹೆಂಡತಿ ಮಲಗುತ್ತಿದ್ದ ಜಾಗಕ್ಕೆ ಹಾಸಿ, ಸ್ವಿಚ್ ಒತ್ತಿ, ಬಿಸಿಯಾಗುವವರೆಗೆ ಪಕ್ಕದಲ್ಲಿ ಕೂರುತ್ತಿದ್ದರು. ಮನೆಯವರು ಕಂಡೂ ಕಾಣದಂತಿದ್ದರು.

"ತಾತ, ಅಜ್ಜಿ ಪ್ಯಾಡು ಕೊಡ್ತೀಯಾ?"

"ಅದೊಂದ ಕೇಳ್ಬ್ಯಾಡ ಕಣಮ್ಮಿ. ಬೇಕಾದ್ರೆ ನನ್ ಕಂಬ್ಳಿ ತಕೊಂಡೋಗು."

"ಕಂಬ್ಳಿ ಒದ್ಸುದ್ರೂ ಅದ್ರ ಮೈ ಬಿಸಿಯಾಗಲ್ವಂತೆ. ಅದ್ಕೆ ಹೊರಗಿಂದ್ಲೇ ಬಿಸಿ ಬೇಕಂತೆ ತಾತ."

ಮುದುಕರು ಮಂಚದ ಮೇಲಿನ ಪ್ಯಾಡನ್ನು ಅಂಗೈಯಿಂದ ಸವರಿದರು.

೩ (ಹೊಡೆದುಹಾಕಿದ್ದು)
ಇಲ್ಲಿ ಆಮೆಯನ್ನು ಸಾಯಿಸುವುದೆಂದು ತೀರ್ಮಾನಿಸಿದ್ದೆ. ಶಿವರುದ್ರಸ್ವಾಮಿಯವರು ಬಂದು ಹಾಳೆಯ ಮೇಲೆ ಕೈಯಿಟ್ಟರು.

"ಯಾಕಪ್ಪ, ಈ ಮನೇಲಿ ಒಂದು ಸಾವು ಸಾಲ್ದಾ ನಿಂಗೆ?"

"ಕಥೆಗೆ ತೂಕ ಬೇಕಲ್ಲ ಸ್ವಾಮಿ."

"ತೂಕ ಬೇಕಾದ್ರೆ ಅರಿಸಿನದ ಮಂಡಿಗೆ ಓಗು. ಪ್ಯಾಡು ಕೊಟ್ಟೆ ಅಂತ ಬರ್ಕೊ."

ಬರೆದುಕೊಂಡೆ.

೩ (ಮತ್ತೆ)
ಹೆಂಡತಿಗೆ ಮಾಡುತ್ತಿದ್ದಂತೆಯೇ ಅವರು ಆಮೆಗೂ ಮಾಡಿದರು: ಗಾಜಿನ ಪೆಟ್ಟಿಗೆಯಡಿ ಪ್ಯಾಡನ್ನು ಪೂರ್ತಿ ಹಾಸಿ, ಸ್ವಿಚ್ಚನ್ನು ಕೊನೆಯ ಅಂಕಿಗೆ ತಿರುಗಿಸಿ, ಮೇಲೆ ಶಾಲು ಹೊದಿಸಿ, ರೋಗಿಯ ನಿದ್ದೆ ಕೆಡದಿರಲೆಂದು ಬಾಗಿಲು ಮುಂದಕ್ಕೆ ಮಾಡಿ ಬಂದರು.

ಅರ್ಧ ಗಂಟೆಗೆ ಶಿವಾನಿ ಕೂಗಿದಳು. "ತಾತ! ಆಮೆ ಗಾಜು ಹತ್ತಕ್ ನೋಡ್ತೈತೆ!"

(ನಾಚಿಕೆಯಿಲ್ಲದೆ ಹೇಳುತ್ತೇನೆ, ನನ್ನ ಹಳೆಯ ಆಸೆ ಮರುಕಳಿಸಿತು. ಪೆನ್ನೆತ್ತಿದೆ. ಅಷ್ಟರಲ್ಲಿ ಮುದುಕರು ಓಡಿಬಂದು ಪ್ಲಗ್ ಕಿತ್ತಿದ್ದರು.)

"ನಿಮ್ಮಜ್ಜಿಯಾಗಿದ್ರೆ 'ಸುಡ್ತೈತೆ, ತೆಗೀರಿ' ಅಂತಿದ್ಲು. ಇದ್ಕೆ ಬಾಯಿಲ್ಲ. ಎಂಥಾ ಕೆಲ್ಸ ಮಾಡ್ಬುಟ್ಟೆ!"

ಆಮೆ ತಣಿದ ಮೇಲೆ ಪ್ಯಾಡನ್ನು ಪೆಟ್ಟಿಗೆಯ ಅರ್ಧಕ್ಕೆ ಮಾತ್ರ ಸಿಗುವಂತೆ ಸರಿಸಿದರು. ಬಿಸಿ ಬೇಡವೆನಿಸಿದರೆ ಸರಿದುಕೊಳ್ಳಲು ಇನ್ನರ್ಧ. ನಡುವೆ ಮಡಿಸಿದ ಪಂಚೆ. ಅಂಕಿ ಒಂದಕ್ಕೆ. ಆಮೇಲೆ, ದಿನಾ ಇಷ್ಟಲಿಂಗ ಕೂರುವ ಎಡ ಅಂಗೈಯನ್ನು ಪೆಟ್ಟಿಗೆಯೊಳಗೆ ಇಳಿಸಿ, ಆಮೆ ಕೂರಲೆಂದು ಇಟ್ಟಿದ್ದ ಕಲ್ಲಿನ ಮೇಲೆ ಒತ್ತಿ ಬಿಸಿ ನೋಡಿದರು.

"ತಾತ, ಪೂಜೆ ಕೈ!"

"ಇದೂ ಅದ್ರದ್ದೇ ಕೆಲ್ಸ ಬುಡು."

೪
ಈಗ ಅಂತ್ಯ. ಆಮೆ ಸೊಪ್ಪು ತಿಂದಿತು ಎನ್ನಬಹುದು. ಮುದುಕರು ಕಣ್ಣೀರಿಟ್ಟರು ಎನ್ನಬಹುದು (ಇಡಲಿಲ್ಲ; ಕಾಫಿ ಕೇಳಿದರು). ನನಗೆ ಕಾಣುವುದಿಷ್ಟೇ: ಆಮೆ ಕಾಲು ಚಾಚಿ, ಕತ್ತು ಹೊರಗಿಟ್ಟು, ಬೆಚ್ಚಗಿನ ಕಲ್ಲಿನ ಮೇಲೆ ಕೂತಿದೆ. ಮುಂದೆ ಪಾಲಕ್ ಎಲೆ. ಶಿವಾನಿ ಉಸಿರು ಬಿಗಿಹಿಡಿದಿದ್ದಾಳೆ. ಮುದುಕರು ಕುರ್ಚಿ ಎಳೆದುಕೊಂಡಿದ್ದಾರೆ.

"ಮುಗಿಸಲೇ ಸ್ವಾಮಿ?"

"ಮುಗಿಸ್ಬ್ಯಾಡ ಕಣಪ್ಪ," ಎಂದರು, ಆಮೆಯ ಮೇಲಿನ ಕಣ್ಣು ಕೀಳದೆ. "ಅರ್ಧ ಗಂಟೆಗೊಂದ್ಸಲ ಆಫ್ ಮಾಡ್ಬೇಕು ಇದ. ನೀ ಮುಗಿಸ್ಬುಟ್ರೆ ಸ್ವಿಚ್ ನೋಡ್ಕೊಳೋರ್ ಯಾರು?"